ಅರ್ಧ ಅಳತೆ ಭತ್ತ ಎಲ್ಲಿ ಹೋಯಿತು?

1

ತಂಜಾವೂರು ಸೀಮೆಯ ಭೂಮಾಲೀಕರು 1960ರ ದಶಕದಲ್ಲಿ ಒಂದು ಸಂಘ ಕಟ್ಟಿಕೊಂಡರು. ಅದಕ್ಕೆ ಇಟ್ಟ ಹೆಸರು ಭತ್ತ ಉತ್ಪಾದಕರ ಸಂಘ. ಈ ಹೆಸರನ್ನು ಸ್ವಲ್ಪ ನಿಂತು ಓದಬೇಕು. ಕೆಸರಿಗೆ ಇಳಿಯದವನು, ನಾಟಿ ಹಾಕದವನು, ಕಳೆ ಕೀಳದವನು, ಕುಡುಗೋಲು ಮುಟ್ಟದವನು ಉತ್ಪಾದಕನಾದ. ಇಷ್ಟನ್ನೂ ಮಾಡಿದವರು ಬರೀ ಆಳುಗಳಾದರು. ಅವರು ಕೂಲಿ ಹೆಚ್ಚು ಮಾಡಿ ಅಂತ ಕೇಳಿದಾಗ ಬೇಸಾಯಕ್ಕೇ ಕಂಟಕರು, ನೆಮ್ಮದಿ ಕೆಡಿಸುವವರು ಅನ್ನಿಸಿಕೊಂಡರು. ಬೆಂಕಿ ಬೀಳುವುದಕ್ಕೆ ಎಷ್ಟೋ ಮೊದಲೇ, ಒಂದು ಬೋರ್ಡಿನ ಮೇಲೆ, ಕಳವು ನಡೆದುಹೋಗಿತ್ತು.

ಆ ಸೀಮೆಯ ಪೂರ್ವ ದಿಕ್ಕಿಗೆ, ನಾಗಪಟ್ಟಣದ ಕಡೆ, ಕೀಳ್ವೆಣ್ಮಣಿ ಎಂಬ ಹಳ್ಳಿ. 1968ರ ಡಿಸೆಂಬರ್ 25ರ ರಾತ್ರಿ ಅಲ್ಲಿನ ದಲಿತ ಕೇರಿಗೆ ಗುಂಪು ನುಗ್ಗಿತು. ಗಟ್ಟಿಮುಟ್ಟಾದವರು ಓಡಿ ತಪ್ಪಿಸಿಕೊಂಡರು. ಓಡಲಾರದ ಹೆಂಗಸರು, ಮಕ್ಕಳು, ಮುದುಕರು ಒಂದು ಸಣ್ಣ ಗುಡಿಸಲೊಳಗೆ ಸೇರಿಕೊಂಡರು. ಆ ಗುಡಿಸಲಿಗೂ ಬೆಂಕಿ ಹಚ್ಚಲಾಯಿತು. 44 ಜನ ಸುಟ್ಟು ಸತ್ತರು.

ಇವರು ಕೇಳಿದ್ದೇನು? ಕೊಯ್ಲಿನ ಕೂಲಿಯಲ್ಲಿ ಅರ್ಧ ಅಳತೆ ಭತ್ತ ಹೆಚ್ಚಿಗೆ. ನಮ್ಮ ಕಡೆ ಸೇರು, ಪಾವು, ಕೊಳಗ ಅಂತ ಲೆಕ್ಕ ಹಾಕುವ ಹಾಗೆ ಅಲ್ಲಿಯೂ ಕೂಲಿಯನ್ನು ಕಣದಲ್ಲೇ ಅಳೆದು ಕೊಡುವುದು. ಆ ಅಳತೆ ಒಂದು ಚೂರು ಹೆಚ್ಚಾಗಲಿ ಅಂದರು. ಕೊಡಲಾಗದಿದ್ದರೆ ಕೊಯ್ಲಿಗೆ ಇಳಿಯುವುದಿಲ್ಲ ಅಂದರು. ಸಂಘದ ಕೆಂಪು ಬಾವುಟ ಕೆಳಗಿಳಿಸಿ, ಮಾಲೀಕರ ಸಂಘದ ಬಾವುಟ ಏರಿಸಿ ಎಂಬ ಒತ್ತಡಕ್ಕೆ ಬಗ್ಗಲಿಲ್ಲ. ಹೊರಗಿನಿಂದ ಆಳು ತಂದು ಕೊಯ್ಲು ಮಾಡಿಸಲು ಮಾಲೀಕರು ಹೊರಟಾಗ ಅದನ್ನು ತಡೆದರು.

ಈ ಬೇಡಿಕೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಅದೇ ಸೀಮೆಯಲ್ಲಿ ಪಣ್ಣೈಯಾಳ್ ಎಂಬ ಪದ್ಧತಿಯಿತ್ತು. ನಮ್ಮ ಜೀತಕ್ಕೆ ಅಣ್ಣನೋ ತಮ್ಮನೋ ಆಗಬೇಕು. ತಡವಾಗಿ ಬಂದವನಿಗೆ ಚಾವಟಿ, ಎದುರಾಡಿದವನಿಗೆ ಸಗಣಿ ನೀರು ಕುಡಿಸುವುದು. 1940ರ ದಶಕದಲ್ಲಿ ಈ ಆಳುಗಳ ನಡುವೆ ಹೋಗಿ ಸಂಘ ಕಟ್ಟಿದವರಲ್ಲಿ ಮುಂದಿನ ಸಾಲಿನವರು ಬಿ. ಶ್ರೀನಿವಾಸರಾವ್. ಕನ್ನಡ ಮಾತಿನ ಮನೆಯಿಂದ ಹೋದ ಈ ಮನುಷ್ಯ ತಂಜಾವೂರಿನ ಕೇರಿಗಳಲ್ಲೇ ದುಡಿದು 1961ರಲ್ಲಿ ತೀರಿಕೊಂಡರು. ಹೊಡೆದವನ ಎದುರು ತಲೆತಗ್ಗಿಸಬೇಡಿ ಅಂತ ಹೇಳಿಕೊಟ್ಟವರು ಅವರು. ಆ ಹೋರಾಟದ ಬಿಸಿಗೆ 1952ರಲ್ಲಿ ಗೇಣಿದಾರರಿಗೂ ಪಣ್ಣೈಯಾಳುಗಳಿಗೂ ರಕ್ಷಣೆ ಕೊಡುವ ಕಾನೂನು ಬಂತು. 1960ರಲ್ಲಿ ಅದೇ ಜಿಲ್ಲೆಯನ್ನು ಕೇಂದ್ರ ಸರ್ಕಾರ ಪ್ಯಾಕೇಜ್ ಕಾರ್ಯಕ್ರಮಕ್ಕೆ ಆರಿಸಿಕೊಂಡಿತು. ಗೊಬ್ಬರ, ಸಾಲ, ಹೊಸ ಬೀಜ ಬಂದವು. ಒಂದು ಬೆಳೆಯಿದ್ದ ಕಡೆ ಎರಡು ಬೆಳೆ ಬಂತು. ಕಣಜ ತುಂಬಿತು. ಕಣಜ ತುಂಬಿದವರು ಆ ತುಂಬಿದ್ದರಲ್ಲಿ ನಮಗೊಂದು ಚೂರು ಅಂದರು. ಇಷ್ಟೇ.

ಈ ಅರ್ಧ ಅಳತೆ ಭತ್ತ ಕಣದಿಂದ ಆಚೆಗೆ ಹೋದ ಮೇಲೆ ಏನಾಯಿತು? ಕೋರ್ಟಿನ ತೀರ್ಪಿನಲ್ಲಿ, ಸರ್ಕಾರದ ಕಡತದಲ್ಲಿ, ಪ್ರಶಸ್ತಿ ಪಡೆದ ಕಾದಂಬರಿಯಲ್ಲಿ ಅದು ಎಲ್ಲಿ ಕಾಣುತ್ತದೆ, ಎಲ್ಲಿ ಮಾಯವಾಗುತ್ತದೆ? ಅದನ್ನು ಹುಡುಕುವುದು ಸಾಹಿತ್ಯ ವಿಮರ್ಶೆಯ ಕೆಲಸವೇ ಅಂತ ನಾನು ತಿಳಿದಿದ್ದೇನೆ. ಕವಿತೆಯ ಪ್ರತಿಮೆಯನ್ನು ಬಿಡಿಸಿ ನೋಡುವ ಕಣ್ಣು ತೀರ್ಪಿನ ವಾಕ್ಯವನ್ನೂ ಬಿಡಿಸಿ ನೋಡಬೇಕು. ಯಾಕೆಂದರೆ ಬಡವರ ಬದುಕಿನ ಮೇಲೆ ಕವಿತೆಗಿಂತ ತೀರ್ಪಿನ ವಾಕ್ಯವೇ ಹೆಚ್ಚು ಭಾರ ಬೀಳುತ್ತದೆ.

2

ಮೊದಲು ತೀರ್ಪು. 1970ರ ನವೆಂಬರಿನಲ್ಲಿ ನಾಗಪಟ್ಟಣದ ಸೆಷನ್ಸ್ ಕೋರ್ಟು ಎಂಟು ಮಂದಿ ಮಾಲೀಕರಿಗೆ ಸಜೆ ಕೊಟ್ಟಿತು. ಅವರಲ್ಲಿ ಭತ್ತ ಉತ್ಪಾದಕರ ಸಂಘದ ಮುಖಂಡ ಗೋಪಾಲಕೃಷ್ಣ ನಾಯ್ಡು ಕೂಡ ಒಬ್ಬರು. 1973ರಲ್ಲಿ ಮದರಾಸು ಹೈಕೋರ್ಟು ಎಲ್ಲರನ್ನೂ ಬಿಟ್ಟಿತು.

ಬಿಟ್ಟದ್ದಕ್ಕೆ ಹೈಕೋರ್ಟು ಕೊಟ್ಟ ಕಾರಣಗಳಲ್ಲಿ ಒಂದು ಇವತ್ತಿಗೂ ಓದಿದವರ ಹೊಟ್ಟೆ ಉರಿಸುತ್ತದೆ. ಅದರ ಸಾರಾಂಶ ಹೀಗೆ: ಆರೋಪಿಗಳಾದ 23 ಮಂದಿಯೂ ಮಿರಾಸುದಾರರೇ ಆಗಿರುವುದು ಆಶ್ಚರ್ಯದ ಸಂಗತಿ. ಅವರಲ್ಲಿ ಹೆಚ್ಚಿನವರು ತುಂಬಾ ಜಮೀನು ಉಳ್ಳ ಶ್ರೀಮಂತರು. ಮೊದಲ ಆರೋಪಿಯ ಹತ್ತಿರ ಕಾರು ಇದೆ. ಇಂಥವರು ತಮ್ಮ ಆಳುಗಳನ್ನು ಕಳಿಸದೆ ತಾವೇ ಆ ಜಾಗಕ್ಕೆ ನಡೆದು ಹೋಗಿ ಗುಡಿಸಲುಗಳಿಗೆ ಬೆಂಕಿ ಇಟ್ಟರು ಅಂತ ನಂಬುವುದು ಕಷ್ಟ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಅನುಮಾನದ ಲಾಭ ಆರೋಪಿಗೆ ಸಿಗಬೇಕು ಎಂಬ ನಿಯಮಕ್ಕೆ ನಮ್ಮ ತಕರಾರಿಲ್ಲ. ಸುಳ್ಳು ಕೇಸಿನಲ್ಲಿ ಸಿಕ್ಕಿಬೀಳುವವನು ಹೆಚ್ಚಾಗಿ ಬಡವನೇ. ಆ ನಿಯಮ ಅವನಿಗೇ ಹೆಚ್ಚು ಬೇಕು. ನಮ್ಮ ತಕರಾರು ಅನುಮಾನ ಎಲ್ಲಿಂದ ಹುಟ್ಟಿತು ಎಂಬುದರ ಬಗ್ಗೆ. ಕತ್ತಲಲ್ಲಿ ಮುಖ ಕಾಣಲಿಲ್ಲ ಎಂದು ಹುಟ್ಟಿದ ಅನುಮಾನ ಬೇರೆ. ಮನುಷ್ಯನಿಗೆ ಜಮೀನಿದೆ, ಕಾರಿದೆ ಎಂದು ಹುಟ್ಟಿದ ಅನುಮಾನ ಬೇರೆ. ಎರಡನೆಯದಕ್ಕೆ ಸಾಕ್ಷಿ ಬೇಕಾಗಿಲ್ಲ, ಪಹಣಿ ಸಾಕು.

ತೀರ್ಪನ್ನು ಒಂದು ಕಥೆಯ ಹಾಗೆ ಓದಿ ನೋಡಿ. ಅದರಲ್ಲಿ ಪಾತ್ರಚಿತ್ರಣ ಇದೆ. ಶ್ರೀಮಂತ ಅಂದರೆ ಗಂಭೀರ, ಮರ್ಯಾದಸ್ಥ. ಕೊಳಕು ಕೆಲಸವಿದ್ದರೆ ಆಳಿನ ಕೈಲಿ ಮಾಡಿಸುವವನು. ಬಡವ ಅಂದರೆ ದ್ವೇಷದಿಂದ ಹೆಸರು ಹೇಳುವವನು. ಈ ಎರಡು ಪಾತ್ರಗಳು ತೀರ್ಪಿನೊಳಗೆ ಹುಟ್ಟಿದವಲ್ಲ. ಅವು ಊರೊಳಗೆ ಮೊದಲೇ ಇದ್ದವು. ಮೇಲ್ಜಾತಿಯ ಜಗಲಿಯ ಮೇಲೆ ಕೂತು ಜನ ಆಡುವ ಮಾತೇ ಕಪ್ಪು ಕೋಟು ಹಾಕಿಕೊಂಡು ಬಂತು. ಇನ್ನೂ ಒಂದು ವಿಚಿತ್ರ ನೋಡಿ: ಇಂಥವರು ತಾವು ಹೋಗುವುದಿಲ್ಲ, ಆಳು ಕಳಿಸುತ್ತಾರೆ ಅನ್ನುವಾಗ ಮಾಲೀಕರ ಕೈಯಲ್ಲಿ ಹಾಗೆ ಕಳಿಸುವ ಶಕ್ತಿ ಇದೆ ಅಂತ ತೀರ್ಪೇ ಒಪ್ಪಿಕೊಂಡ ಹಾಗಾಯಿತು. ಒಪ್ಪಿಕೊಂಡು ಅಲ್ಲಿಗೇ ಬಿಟ್ಟಿತು. ಆ ಶಕ್ತಿಯ ಕಡೆಗೆ ಒಂದು ಪ್ರಶ್ನೆಯೂ ಹೋಗಲಿಲ್ಲ.

ಅದೇ ಸಂಜೆ ಮಾಲೀಕರ ಕಡೆಯ ಒಬ್ಬ ಆಳು ಘರ್ಷಣೆಯಲ್ಲಿ ಸತ್ತಿದ್ದ. ಅವನೂ ಬಡವನೇ, ಅವನ ಸಾವೂ ಸಾವೇ. ಆ ಕೇಸಿನಲ್ಲಿ ಕೂಲಿಕಾರರಿಗೆ ಶಿಕ್ಷೆಯಾಯಿತು, ಒಬ್ಬನಿಗೆ ಜೀವಾವಧಿ. ಕೂಲಿಯವನು ನಡೆದು ಹೋಗಿ ಕೊಂದ ಅಂತ ನಂಬುವುದಕ್ಕೆ ಯಾರಿಗೂ ಕಷ್ಟವಾಗಲಿಲ್ಲ. ಅವನ ಹತ್ತಿರ ಕಾರು ಇರಲಿಲ್ಲವಲ್ಲ.

1980ರ ಡಿಸೆಂಬರಿನಲ್ಲಿ ಗೋಪಾಲಕೃಷ್ಣ ನಾಯ್ಡು ಕೊಲೆಯಾದರು. ಇದನ್ನು ನ್ಯಾಯ ಅಂತ ಕರೆದು ಚಪ್ಪಾಳೆ ತಟ್ಟುವವರಿದ್ದಾರೆ. ನನಗೆ ಹಾಗೆ ಕರೆಯಲು ಬರುವುದಿಲ್ಲ. ಕೋರ್ಟು ಹೇಳಬೇಕಾಗಿದ್ದ ಮಾತನ್ನು ಕತ್ತಿ ಹೇಳಿತು ಅಂದರೆ, ಆ ಮಾತು ಬರವಣಿಗೆಗೆ ಬರಲೇ ಇಲ್ಲ ಅಂತ ಅರ್ಥ. 44 ಜನರನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಸರ್ಕಾರದ ಕಾಗದದಲ್ಲಿ ಉತ್ತರ ಇವತ್ತೂ ಖಾಲಿ.

3

ಇನ್ನು ಸರ್ಕಾರ. ಆಗ ಮುಖ್ಯಮಂತ್ರಿ ಅಣ್ಣಾದುರೈ. 1967ರಲ್ಲಿ ಹೊಸ ಆಸೆ ಹುಟ್ಟಿಸಿ ಬಂದ ಸರ್ಕಾರ, ಬ್ರಾಹ್ಮಣಶಾಹಿಯ ವಿರುದ್ಧ ಮಾತಾಡಿ ಗೆದ್ದ ಸರ್ಕಾರ. ಆದರೆ ವೆಣ್ಮಣಿಯಲ್ಲಿ ಎದುರಿಗೆ ನಿಂತವರು ಪುರೋಹಿತರಲ್ಲ, ಜಮೀನುಳ್ಳ ಶೂದ್ರ ಜಾತಿಯವರು. ಬ್ರಾಹ್ಮಣೇತರ ಚಳವಳಿಯ ನಿಘಂಟಿನಲ್ಲಿ ಈ ಶತ್ರುವಿಗೆ ಹೆಸರಿರಲಿಲ್ಲ. ಹೆಸರಿಲ್ಲದ್ದನ್ನು ಹಿಡಿಯುವುದು ಹೇಗೆ?

ಮಂತ್ರಿಗಳು ಹೋದರು, ನೋಡಿದರು, ಮರುಗಿದರು. ನಂತರ ಕೂಲಿಯ ಪ್ರಶ್ನೆಯನ್ನು ಪರಿಶೀಲಿಸಲು ಗಣಪತಿಯಾ ಪಿಳ್ಳೈ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ಆ ವರದಿಯ ಮೇಲೆ 1969ರಲ್ಲಿ ಕೃಷಿ ಕಾರ್ಮಿಕರಿಗೆ ನ್ಯಾಯವಾದ ಕೂಲಿ ಕೊಡಿಸುವ ಕಾಯ್ದೆ ಬಂತು, ಮೊದಲಿಗೆ ಪೂರ್ವ ತಂಜಾವೂರಿಗೆಂದೇ. ಕಣದಲ್ಲಿ ಎಷ್ಟು ಅಳೆಯಬೇಕು ಅನ್ನುವುದು ಕಾನೂನಿನ ಅಕ್ಷರವಾಯಿತು.

ಇದನ್ನು ಸಣ್ಣದು ಅನ್ನಬಾರದು. ಸರ್ಕಾರ ಒಂದು ಅರ್ಥದಲ್ಲಿ ಕೋರ್ಟಿಗಿಂತ ಚೆನ್ನಾಗಿ ಓದಿತು. ಜಗಳದ ಮೂಲ ಅಳತೆಯಲ್ಲಿದೆ ಎಂಬುದು ಅದಕ್ಕೆ ಕಂಡಿತು. ಆದರೆ ಹೀಗೆ ಕಂಡದ್ದನ್ನು ಅದು ಎರಡು ಕಡತಗಳಾಗಿ ಕತ್ತರಿಸಿತು. ಕೂಲಿ ಒಂದು ಕಡತ, ಕೊಲೆ ಇನ್ನೊಂದು ಕಡತ. ಕೂಲಿಯ ಕಡತದಲ್ಲಿ ಹೆಣಗಳಿಲ್ಲ. ಕೊಲೆಯ ಕಡತದಲ್ಲಿ ಭತ್ತವಿಲ್ಲ. ಕೊಲೆ ಅಂದರೆ ಬರೀ ಕೇಸು, ಕಾನೂನು ಮತ್ತು ಸುವ್ಯವಸ್ಥೆ. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದ್ದರೆ ಕೂಲಿ ಕೇಳಿದ್ದಕ್ಕೆ ಕೊಂದರು ಎಂಬ ಒಂದೇ ವಾಕ್ಯ ಬರುತ್ತಿತ್ತು. ಆ ವಾಕ್ಯ ಬರೆಯಲು ಯಾವ ಇಲಾಖೆಗೂ ಧೈರ್ಯ ಸಾಲಲಿಲ್ಲ. ಅತ್ತ ದಿಲ್ಲಿಯಲ್ಲಿ ಕೇಂದ್ರ ಗೃಹ ಇಲಾಖೆ 1969ರಲ್ಲೇ ಹಳ್ಳಿಗಾಡಿನ ಬೇಸಾಯದ ಬಿಕ್ಕಟ್ಟಿನ ಕಾರಣಗಳ ಬಗ್ಗೆ ಒಂದು ವರದಿ ತಯಾರಿಸಿತು. ಕೃಷಿ ಇಲಾಖೆಯಲ್ಲ, ಕಾರ್ಮಿಕ ಇಲಾಖೆಯಲ್ಲ, ಪೊಲೀಸರನ್ನು ನೋಡಿಕೊಳ್ಳುವ ಗೃಹ ಇಲಾಖೆ! ಹಸಿದವನ ಪ್ರಶ್ನೆ ಯಾರ ಮೇಜಿನ ಮೇಲೆ ಬಂದು ಬಿತ್ತು ಅಂತ ನೋಡಿದರೆ ಸರ್ಕಾರಕ್ಕೆ ಯಾವುದರ ಭಯ ಅಂತ ತಿಳಿಯುತ್ತದೆ.

ಇದು ಒಂದು ರಾಜ್ಯದ, ಒಂದು ಕಾಲದ ಚಾಳಿಯೂ ಅಲ್ಲ. ಬಿಹಾರದ ಬಥಾನಿ ಟೋಲಾದಲ್ಲಿ 1996ರಲ್ಲಿ 21 ಜನ, ಲಕ್ಷ್ಮಣಪುರ ಬಾಥೆಯಲ್ಲಿ 1997ರ ಡಿಸೆಂಬರ್ 1ರಂದು 58 ಜನ ಮಾಲೀಕರ ಖಾಸಗಿ ಸೇನೆಯ ಕೈಯಲ್ಲಿ ಸತ್ತರು. ಅಲ್ಲಿಯೂ ಕೂಲಿ, ಭೂಮಿ, ಮಾನದ ಪ್ರಶ್ನೆ. ಅಲ್ಲಿಯೂ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಪಾಟ್ನಾ ಹೈಕೋರ್ಟು 2012ರಲ್ಲಿ ಒಂದರಲ್ಲಿ, 2013ರಲ್ಲಿ ಇನ್ನೊಂದರಲ್ಲಿ ಆರೋಪಿಗಳನ್ನು ಬಿಟ್ಟಿತು. ಆ ಸೇನೆಯ ಬೆನ್ನಿಗಿರುವ ರಾಜಕಾರಣಿಗಳು ಯಾರು ಅಂತ ಹುಡುಕಲು ನೇಮಿಸಿದ್ದ ಅಮೀರ್ ದಾಸ್ ಆಯೋಗವನ್ನು 2006ರಲ್ಲಿ ಸರ್ಕಾರವೇ ಮುಚ್ಚಿಹಾಕಿತು. ಸೇನೆ ಸಾಕಿದವರ ಪ್ರಶ್ನೆ ಇಲ್ಲಿಯೂ ಬಾಗಿಲ ಹೊರಗೇ ಉಳಿಯಿತು.

4

ಈಗ ಸಾಹಿತ್ಯಕ್ಕೆ ಬರೋಣ. ಕೋರ್ಟು, ಸರ್ಕಾರ ಮಾಡದ್ದನ್ನು ಸಾಹಿತಿ ಮಾಡಬೇಕು ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಆ ನಂಬಿಕೆಯನ್ನು ಒಂದು ಸಲ ತೂಗಿ ನೋಡಬೇಕು.

ಇಂದಿರಾ ಪಾರ್ಥಸಾರಥಿ ತಮಿಳಿನ ದೊಡ್ಡ ಲೇಖಕರು. ವೆಣ್ಮಣಿಯನ್ನು ವಸ್ತುವಾಗಿಟ್ಟುಕೊಂಡು ಅವರು ಬರೆದ ಕುರುದಿಪ್ಪುನಲ್ ಎಂಬ ಕಾದಂಬರಿ 1975ರಲ್ಲಿ ಬಂತು. ಹೆಸರಿಗೆ ರಕ್ತದ ಹೊಳೆ ಅಂತ ಅರ್ಥ. 1977ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೈಕೋರ್ಟು ಎಲ್ಲರನ್ನೂ ಬಿಟ್ಟ ಮೇಲೆ, ಸುದ್ದಿ ತಣ್ಣಗಾಗುತ್ತಿದ್ದ ಹೊತ್ತಿನಲ್ಲಿ, ಒಬ್ಬ ಲೇಖಕ ಆ ಬೆಂಕಿಯನ್ನು ಕಾದಂಬರಿಯ ನಡುವೆ ತಂದಿಟ್ಟ. ಇದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಅವರು ಮಾಲೀಕನ ಪಕ್ಷ ವಹಿಸಿದವರೂ ಅಲ್ಲ.

ಆದರೂ ಕಾದಂಬರಿಯ ಒಳಗೆ ಒಂದು ಜಾರು ಇದೆ. ದಿಲ್ಲಿಯಿಂದ ಹಳ್ಳಿಗೆ ಬಂದು ನೆಲೆಸಿದ ಓದಿದ ಮನುಷ್ಯನೊಬ್ಬ, ಅವನನ್ನು ನೋಡಲು ಬರುವ ಗೆಳೆಯನೊಬ್ಬ. ಇವರ ಕಣ್ಣಿನಿಂದ ಹಳ್ಳಿ ಕಾಣುತ್ತದೆ. ಎದುರಿಗೆ ಭೂಮಾಲೀಕ ಕಣ್ಣಯ್ಯ ನಾಯ್ಡು. ಇವನ ಕ್ರೌರ್ಯಕ್ಕೆ ಕಾದಂಬರಿ ಒಂದು ಒಳಗಾರಣ ಹುಡುಕುತ್ತದೆ: ಅವನು ಗಂಡಸುತನವಿಲ್ಲದವನು. ಆ ಅವಮಾನವನ್ನು ಮುಚ್ಚಿಕೊಳ್ಳಲು ಊರಿನ ಮೇಲೆ ಪೌರುಷ ತೋರಿಸುತ್ತಾನೆ. ತಮಿಳಿನ ಎಡಪಂಥೀಯ ವಿಮರ್ಶಕರು ಇದಕ್ಕೆ ಆಕ್ಷೇಪ ಎತ್ತಿದ್ದರು. ಆ ಆಕ್ಷೇಪ ಸರಿಯಾದದ್ದು. ನಾನು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ.

ಕೊಂದವನ ಮೈಯಲ್ಲಿ ರೋಗ ಹುಡುಕಿದ ಕೂಡಲೇ ಉಳಿದ ಮಾಲೀಕರೆಲ್ಲ ಆರೋಗ್ಯವಂತರಾಗಿಬಿಡುತ್ತಾರೆ. ಒಬ್ಬನ ಮನಸ್ಸು ಕೆಟ್ಟಿತ್ತು, ಅದಕ್ಕೇ ಹೀಗಾಯಿತು. ಅವನ ಮನಸ್ಸು ನೆಟ್ಟಗಿದ್ದಿದ್ದರೆ? ಗುಡಿಸಲು ಉಳಿಯುತ್ತಿತ್ತೇ? ಹಾಗಿದ್ದರೆ ಒಂದು ಸಂಘ ಯಾಕೆ ಬೇಕಾಗಿತ್ತು, ಬಾವುಟ ಯಾಕೆ, ಹೊರಗಿನ ಆಳು ಯಾಕೆ? ವೆಣ್ಮಣಿಯ ಭಯಂಕರ ಇರುವುದೇ ಇಲ್ಲಿ. ಅದನ್ನು ಮಾಡಿಸಲು ಹುಚ್ಚು ಬೇಕಾಗಿರಲಿಲ್ಲ, ಲೆಕ್ಕ ಸಾಕಾಗಿತ್ತು. ಇವತ್ತು ಅರ್ಧ ಅಳತೆ ಬಿಟ್ಟರೆ ನಾಳೆ ಒಂದು ಅಳತೆ ಕೇಳುತ್ತಾರೆ. ನಾಡಿದ್ದು ಎದುರಿಗೆ ಕೂತು ಮಾತಾಡುತ್ತಾರೆ. ಈ ಲೆಕ್ಕವನ್ನು ಹೆಂಡತಿ ಮಕ್ಕಳ ಜೊತೆ ಸುಖವಾಗಿರುವ, ದೇವಸ್ಥಾನಕ್ಕೆ ಹೋಗುವ ಮನುಷ್ಯನೂ ಹಾಕಬಲ್ಲ. ಹಾಕುತ್ತಾನೆ.

ನಮ್ಮ ನವ್ಯದವರು ಕಲಿಸಿಕೊಟ್ಟ ಓದಿನಲ್ಲಿ ಈ ಜಾರು ನಮಗೂ ಚೆನ್ನಾಗಿ ಪರಿಚಯ. ಊರಿನ ಹುಣ್ಣನ್ನು ತಂದು ಒಬ್ಬನ ಎದೆಯೊಳಗಿನ ಹುಣ್ಣು ಮಾಡುವುದು, ಅದನ್ನು ಸಂಕೀರ್ಣ ಅನ್ನುವುದು. ಕೂಲಿಯ ಲೆಕ್ಕ ಬರೆದರೆ ಘೋಷಣೆ, ಮಂಚದ ಲೆಕ್ಕ ಬರೆದರೆ ಸೂಕ್ಷ್ಮ ಅನ್ನುವುದು. ಹೈಕೋರ್ಟಿನ ಕಾರು, ಕಾದಂಬರಿಯ ಗಂಡಸುತನ, ಇವೆರಡೂ ದೂರದೂರದ ಸಂಗತಿಗಳ ಹಾಗೆ ಕಾಣುತ್ತವೆ. ಒಂದು ಮಾಲೀಕನನ್ನು ಬಿಡಿಸಲು ಬಂತು, ಇನ್ನೊಂದು ಬೈಯಲು ಬಂತು. ಆದರೆ ಕೆಲಸ ಒಂದೇ ಮಾಡಿದವು. ಓದುವವನ ಕಣ್ಣನ್ನು ಕಣದ ಮೇಲಿಂದ ಎತ್ತಿ ಮಾಲೀಕನ ಮನೆಯೊಳಕ್ಕೆ ತಿರುಗಿಸಿದವು. ಸತ್ತ 44 ಮಂದಿ ಹಿನ್ನೆಲೆಗೆ ಸರಿದರು.

ಆಮೇಲೆ ಬಂದವರು ಬೇರೆ ದಾರಿ ಹುಡುಕಿದ್ದಾರೆ. ಸೋಲೈ ಸುಂದರಪೆರುಮಾಳ್ 1999ರಲ್ಲಿ ಸೆನ್ನೆಲ್ ಎಂಬ ಕಾದಂಬರಿ ಬರೆದರು. ಕೆಂಪು ಭತ್ತ ಅಂತ ಅರ್ಥ. ರಕ್ತದಿಂದ ಭತ್ತಕ್ಕೆ ಬಂದ ಈ ಹೆಸರೇ ಒಂದು ವಿಮರ್ಶೆ. ಆ ಸೀಮೆಯ ಆಡುಮಾತೇ ಅದರ ಮಾತು. 2005ರಲ್ಲಿ ಭಾರತಿ ಕೃಷ್ಣಕುಮಾರ್ ಮಾಡಿದ ಸಾಕ್ಷ್ಯಚಿತ್ರದ ಹೆಸರು ರಾಮಯ್ಯನ ಗುಡಿಸಲು. ಬೆಂಕಿ ಬಿದ್ದ ಗುಡಿಸಲು ಯಾರ ಮನೆ ಎಂದು ಹೆಸರಲ್ಲೇ ಹೇಳಿತು. ಮೀನಾ ಕಂದಸಾಮಿ 2014ರಲ್ಲಿ ಇಂಗ್ಲಿಷಿನಲ್ಲಿ ಬರೆದ ದಿ ಜಿಪ್ಸಿ ಗಾಡೆಸ್ ಕಾದಂಬರಿ ಮಾಲೀಕರ ಸಂಘ ಮುಖ್ಯಮಂತ್ರಿಗೆ ಬರೆದುಕೊಳ್ಳುವ ಒಂದು ಮನವಿಯಿಂದ ಶುರುವಾಗುತ್ತದೆ. ಆ ಮನವಿಯಲ್ಲಿ ಮಾಲೀಕರು ನೊಂದವರು, ರಕ್ಷಣೆ ಬೇಡುವವರು. ಕೊಲ್ಲುವವನು ಮೊದಲು ತನ್ನನ್ನು ಬಲಿಪಶು ಅಂತ ಬರೆದುಕೊಳ್ಳುತ್ತಾನೆ ಎಂಬುದನ್ನು ಆಕೆ ಹಿಡಿದರು. ಕಥೆ ಕಟ್ಟುವ ತನ್ನ ಚಾತುರ್ಯದ ಬಗ್ಗೆಯೇ ಆ ಕಾದಂಬರಿ ಬಹಳ ಮಾತಾಡುತ್ತದೆ. ಅದು ನಮ್ಮ ಹಳ್ಳಿಯ ಓದುಗನಿಗೆ ದಣಿವು ತರಬಹುದು. ಆದರೆ ಅರ್ಜಿ, ಮನವಿ, ಪಂಚನಾಮೆಗಳೇ ಯುದ್ಧದ ಮೈದಾನ ಅಂತ ಅದು ತಿಳಿದುಕೊಂಡಿದೆ.

5

ಇದರಿಂದ ನಮಗೇನು, ಅದು ತಮಿಳರ ಕಥೆ ಅಂತ ಯಾರಾದರೂ ಕೇಳಬಹುದು. ಕೇಳಲಿ. ರೈತ ಎಂಬ ನಮ್ಮ ಶಬ್ದವನ್ನೇ ತೆಗೆದುಕೊಳ್ಳಿ. ಉಳುವವನೇ ಹೊಲದೊಡೆಯ ಅಂದೆವು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಬಂದು ಎಷ್ಟೋ ಗೇಣಿದಾರರು ಒಡೆಯರಾದರು. ಅದು ದೊಡ್ಡ ಕೆಲಸ. ಆದರೆ ಕಾನೂನಿನ ಕಣ್ಣಿಗೆ ಉಳುವವನು ಅಂದರೆ ಗೇಣಿ ಚೀಟಿ ಇದ್ದವನು. ಅವನ ಹೊಲದಲ್ಲಿ ನಿಜವಾಗಿ ನೇಗಿಲು ಹಿಡಿದ ಹೊಲೆಯ ಮಾದಿಗರ ಆಳಿಗೆ ಬಹುಪಾಲು ಏನೂ ದಕ್ಕಲಿಲ್ಲ. ಇವತ್ತಿಗೂ ರೈತರ ಮೇಲೆ ದೌರ್ಜನ್ಯ ಅಂದರೆ ಒಂದು ಚಿತ್ರ ಕಣ್ಮುಂದೆ ಬರುತ್ತದೆ, ದಲಿತರ ಮೇಲೆ ದೌರ್ಜನ್ಯ ಅಂದರೆ ಇನ್ನೊಂದು. ಸತ್ತ ದಲಿತನೂ ಬೇಸಾಯದವನೇ ಅಂತ ಯಾಕೆ ಹೊಳೆಯುವುದಿಲ್ಲ? ಭತ್ತ ಉತ್ಪಾದಕರ ಸಂಘದ ಬೋರ್ಡು ನಮ್ಮ ತಲೆಯೊಳಗೂ ತೂಗುಹಾಕಿದೆ.

ಕನ್ನಡದಲ್ಲಿ ಈ ಬೋರ್ಡನ್ನು ಕಿತ್ತವರು ಇಲ್ಲದಿಲ್ಲ. ದೇವನೂರ ಮಹಾದೇವರ ಒಡಲಾಳ ನೆನಪು ಮಾಡಿಕೊಳ್ಳಿ. ಸಾಹುಕಾರನ ಕಡ್ಲೆಕಾಯಿ ಕಳುವಾಗುತ್ತದೆ. ಸಾಕವ್ವನ ಮನೆಮಂದಿ ರಾತ್ರಿಯಲ್ಲಿ ಅದನ್ನು ಸುತ್ತ ಕೂತು ತಿನ್ನುತ್ತಾರೆ. ಪೊಲೀಸರು ಮನೆಗೆ ನುಗ್ಗುತ್ತಾರೆ. ಇಷ್ಟು ಸಣ್ಣ ಸಂಗತಿಯಲ್ಲಿ ಮಹಾದೇವ ಮಾಡಿದ ಕೆಲಸ ನೋಡಿ. ಸಾಹುಕಾರನ ಮನಸ್ಸಿನೊಳಕ್ಕೆ ಅವರು ಇಳಿಯುವುದೇ ಇಲ್ಲ. ಅದರ ಅಗತ್ಯ ಅವರಿಗೆ ಬೀಳಲಿಲ್ಲ. ಕಡ್ಲೆಕಾಯಿ ಕೊನೇವರೆಗೂ ಕಡ್ಲೆಕಾಯಿಯಾಗಿಯೇ ಉಳಿಯುತ್ತದೆ, ಯಾವುದರ ಪ್ರತಿಮೆಯೂ ಆಗಿ ತೇಲಿಹೋಗುವುದಿಲ್ಲ. ಹಸಿವಿನ ಜೊತೆಗೆ ಆ ಮನೆಯ ನಗು, ಜಗಳ, ಹಟ ಎಲ್ಲಾ ಇದೆ. ಸಾಹುಕಾರನ ಒಂದು ಮೂಟೆಗೆ ಸರ್ಕಾರ ಎಷ್ಟು ಬೇಗ ಕಾಲು ಎತ್ತಿಡುತ್ತದೆ ಎಂಬುದೂ ಇದೆ. ವೆಣ್ಮಣಿಗೆ ಅದೇ ಸರ್ಕಾರದ ಪೊಲೀಸರು ಬಂದದ್ದು ಎಲ್ಲಾ ಉರಿದು ಮುಗಿದ ಮೇಲೆ. ಈ ಎರಡು ವೇಗಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ರಾಜ್ಯಶಾಸ್ತ್ರದ ಒಂದು ಪಾಠ ಮುಗಿಯುತ್ತದೆ.

ಮತ್ತೆ ಕಂಬಾಲಪಲ್ಲಿ. ಆಗಿನ ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕು. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ವೆಣ್ಮಣಿಯ ಕಾಲದಲ್ಲಿ ಇಲ್ಲದ ಒಂದು ಆಯುಧ ಈಗ ನಮ್ಮ ಕೈಯಲ್ಲಿತ್ತು: ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ. ಮಂತ್ರಿಗಳು ಬಂದರು, ಪರಿಹಾರ ಬಂತು, ಪತ್ರಿಕೆಗಳು ಬರೆದವು. ಕೇಸು ವರ್ಷಗಟ್ಟಲೆ ಎಳೆಯಿತು. ಸಾಕ್ಷಿಗಳು ತಿರುಗಿಬಿದ್ದರು. 2006ರ ಡಿಸೆಂಬರಿನಲ್ಲಿ ಎಲ್ಲಾ ಆರೋಪಿಗಳೂ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ಸಾಕ್ಷಿ ತಿರುಗಿಬಿದ್ದ ಅನ್ನುವ ಮಾತನ್ನೂ ಬಿಡಿಸಿ ನೋಡಬೇಕು. ಕನ್ನಡ ಪತ್ರಿಕೆಗಳು ಈ ಮಾತನ್ನು ಎಷ್ಟು ಸಲೀಸಾಗಿ ಬಳಸುತ್ತವೆ ಅಂದರೆ, ತಪ್ಪೆಲ್ಲ ಸಾಕ್ಷಿಯದೇ ಅನ್ನುವ ಹಾಗೆ. ಅವನು ದಿನಾ ಬೆಳಿಗ್ಗೆ ಎದ್ದು ಯಾರ ಹೊಲಕ್ಕೆ ಹೋಗಬೇಕು? ಯಾರ ಅಂಗಡಿಯಲ್ಲಿ ಸಾಲ ಹೇಳಬೇಕು? ಅವನ ಎಮ್ಮೆ ಯಾರ ಬದುವಿನ ಮೇಲೆ ಮೇಯಬೇಕು? ನ್ಯಾಯ ಬರುವುದಕ್ಕೆ ಆರು ವರ್ಷ, ಕೂಲಿ ಬೇಕಾಗಿರುವುದು ಈ ಸಂಜೆಗೆ. ಇಲ್ಲಿ ತಿರುಗಿಬಿದ್ದದ್ದು ಸಾಕ್ಷಿಯಲ್ಲ. ಅವನ ಅನ್ನವನ್ನು ಆರೋಪಿಯ ಕೈಯಲ್ಲೇ ಬಿಟ್ಟು ಸತ್ಯ ಹೇಳು ಅಂದ ವ್ಯವಸ್ಥೆ. ನೋಡಿ, ಅರ್ಧ ಅಳತೆ ಭತ್ತ ಇಲ್ಲಿ ಮತ್ತೆ ಸಿಕ್ಕಿತು. ಅದು ಕೋರ್ಟಿನ ಕಟಕಟೆಯೊಳಗೆ, ಸಾಕ್ಷಿಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕೂಲಿಯನ್ನೂ ಕೊಲೆಯನ್ನೂ ಬೇರೆ ಬೇರೆ ಕಡತ ಮಾಡಿದ ಸರ್ಕಾರಕ್ಕೆ ಅದು ಕಾಣುವುದು ಹೇಗೆ?

6

ಎಲ್ಲಾ ಕಡೆ ಸೋಲೇ ಅಂತ ಬರೆಯುವುದೂ ಒಂದು ಸುಳ್ಳು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಕೇಸಿನಲ್ಲಿ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕೇಸು ಅಲ್ಲಿಂದ ಮೇಲ್ಮನವಿಗೆ ಹೋಯಿತು. ವೆಣ್ಮಣಿ, ಬಾಥೆಗಳನ್ನು ಓದಿದವರು ಮೇಲಿನ ಮೆಟ್ಟಿಲಿನ ಬಗ್ಗೆ ಎಚ್ಚರ ತಪ್ಪುವುದಿಲ್ಲ. ಆದರೂ ಹತ್ತು ವರ್ಷ ಊರಲ್ಲೇ ಬದುಕಿಕೊಂಡು ಸಾಕ್ಷಿ ಹೇಳಿದವರು ಇದ್ದಾರೆ, ಅವರ ಮಾತನ್ನು ನಂಬಿದ ಕೋರ್ಟೂ ಇದೆ. ಇದು ಆಗಬಲ್ಲ ಕೆಲಸ.

ಹಾಗಾದರೆ ನಮ್ಮ ಕೆಲಸ ಏನು? ನಮ್ಮ ಗೋಷ್ಠಿಗಳಲ್ಲಿ ಕವಿತೆ ಓದುತ್ತೇವೆ, ಕಾದಂಬರಿ ಚರ್ಚಿಸುತ್ತೇವೆ. ಅದರ ಜೊತೆಗೆ ಒಂದು ದೂರು, ಒಂದು ಪಂಚನಾಮೆ, ಒಂದು ತೀರ್ಪು ಓದುವ ಅಭ್ಯಾಸ ಬರಬೇಕು. ಕಾಲೇಜಿನ ಹುಡುಗ ಹುಡುಗಿಯರು ತಮ್ಮ ತಾಲ್ಲೂಕಿನ ಒಂದು ಕೇಸಿನ ಕಾಗದ ತರಲಿ; ದೂರು ಬರೆದುಕೊಂಡವನು ಯಾವ ಶಬ್ದ ಬಳಸಿದ್ದಾನೆ ಅಂತ ಗುರುತು ಹಾಕಲಿ. ಹಲ್ಲೆ ಎಂದು ಬರೆದಿದ್ದಾನೋ, ಎರಡು ಗುಂಪುಗಳ ಘರ್ಷಣೆ ಎಂದು ಬರೆದಿದ್ದಾನೋ? ಕೂಲಿ, ಜಮೀನು, ನೀರು, ದಾರಿ ಎಂಬ ಮಾತು ಅದರಲ್ಲಿ ಒಂದು ಕಡೆಯಾದರೂ ಇದೆಯೋ ಇಲ್ಲವೋ? 1989ರ ಕಾಯ್ದೆಯ ನಾಲ್ಕನೇ ಸೆಕ್ಷನ್ನು ಕರ್ತವ್ಯ ಮಾಡದ ಅಧಿಕಾರಿಗೂ ಶಿಕ್ಷೆ ಇದೆ ಅನ್ನುತ್ತದೆ. ಅದನ್ನು ಯಾವ ಅಧಿಕಾರಿಯ ಮೇಲಾದರೂ ಹಾಕಿದ್ದಾರೆಯೇ? ಇವು ವಕೀಲರ ಪ್ರಶ್ನೆಗಳು ಅಂತ ಮೇಷ್ಟರು ಹಿಂಜರಿಯಬಾರದು. ಒಂದು ಪಾಠದಲ್ಲಿ ಕರ್ತೃ ಯಾರು, ಕರ್ಮ ಯಾವುದು ಅಂತ ಕೇಳುವವರು ನೀವೇ ಅಲ್ಲವೆ? ಗುಡಿಸಲುಗಳು ಸುಟ್ಟುಹೋದವು ಎಂಬ ವಾಕ್ಯದಲ್ಲಿ ಕರ್ತೃ ಎಲ್ಲಿ ಅಂತ ಮಕ್ಕಳಿಗೆ ಕೇಳಿ. ಏಳನೇ ಕ್ಲಾಸಿನ ಹುಡುಗಿ ಹೇಳುತ್ತಾಳೆ.

ಇನ್ನು ಬರೆಯುವವರಿಗೆ. ಸುಟ್ಟ ಕೇರಿಯ ಬಗ್ಗೆ ಬರೆಯಲು ಕೂತಾಗ ಬೆಂಕಿಯ ಬಣ್ಣ ಬಹಳ ಬೇಗ ಕೈಗೆ ಬರುತ್ತದೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಆ ವರ್ಷ ಊರಿನಲ್ಲಿ ಕೂಲಿ ಎಷ್ಟಿತ್ತು, ಎಷ್ಟು ಕೇಳಿದರು, ಕೊಟ್ಟಿದ್ದರೆ ಮಾಲೀಕನ ಕಣಜದಲ್ಲಿ ಎಷ್ಟು ಕಡಿಮೆಯಾಗುತ್ತಿತ್ತು, ಇದನ್ನು ಮೊದಲು ತಿಳಿದುಕೊಳ್ಳಿ. ಸತ್ತವರು ಬದುಕಿದ್ದಾಗ ಏನು ಉಣ್ಣುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು, ಯಾರ ಎದುರು ಹಟ ಹಿಡಿದಿದ್ದರು ಕೇಳಿ. ಅವರು ಬೆಂದವರು ಮಾತ್ರ ಅಲ್ಲ; ಕೇಳಿದವರು. ವೆಣ್ಮಣಿಯಲ್ಲಿ 44 ಜನ ಸತ್ತ ಮೇಲೆಯೂ ಕೂಲಿಯ ಕಾಯ್ದೆ ಬಂದದ್ದು ಅವರು ಹಾಗೆ ಕೇಳಿದ್ದರಿಂದ. ಆ ಸೀಮೆಯಲ್ಲಿ ಪ್ರತಿ ಡಿಸೆಂಬರ್ 25ಕ್ಕೆ ಹಳ್ಳಿಹಳ್ಳಿಗಳಿಂದ ಜನ ಸ್ಮಾರಕಕ್ಕೆ ನಡೆದು ಬರುತ್ತಾರೆ. ಬಂದವರಲ್ಲಿ ಕೊಯ್ಲಿನವರೂ ಇರುತ್ತಾರೆ. ಅವರಿಗೆ ಆ ವರ್ಷದ ಕೂಲಿ ಎಷ್ಟು ಅಂತ ಕೇಳಿದರೆ ಲೆಕ್ಕ ಬಾಯಲ್ಲೇ ಇರುತ್ತದೆ.